ಹಸು ಒಪ್ಪದೆ ಸೈನ್ಸ್ ಇಲ್ಲ

ಹತ್ತನೇ ಕ್ಲಾಸಿನ ಮಕ್ಕಳನ್ನ ಕೂರಿಸಿಕೊಂಡು ‘ಮುಂದೇನು ಓದ್ತೀಯಪ್ಪಾ’ ಅಂತ ಕೇಳೋದು ನನ್ನ ತಲೆಗೆ ಕಟ್ಟಿರೋ ಕೆಲಸ. ನಾನು ಗಣಿತದ ಮೇಡಂ. ಆಂಡರ್ಸನ್‌ಪೇಟೆಯ ಈ ಸ್ಕೂಲಿಗೆ ಬಂದ ವರ್ಷವೇ ಹೆಡ್‌ಮಾಸ್ಟರು, ‘ನಿಮಗೆ ಶನಿವಾರ ಒಂದು ಪೀರಿಯಡ್ ಖಾಲಿ ಇದೆಯಲ್ಲ’ ಅಂದುಬಿಟ್ಟರು. ಪ್ರಶ್ನೆ ಕೇಳೋದು ಮಕ್ಕಳನ್ನ, ಉತ್ತರ ಕೊಡೋದು ಮಾತ್ರ ತಾತ, ಸೋದರಮಾವ, ಪಕ್ಕದ ಮನೆಯೋರು. ವರ್ಷಾ ವರ್ಷ ಇದೇ ಕಥೆ. ಆದರೆ ನಾನೂ ಹಠಮಾರಿಯೇ. ಮಗುವಿನ ಬಾಯಿಂದ ಉತ್ತರ ಬರೋವರೆಗೂ ಎದ್ದು ಹೋಗೋಕೆ ಬಿಡೋದಿಲ್ಲ.

ಜೋಡೆತ್ತು

ಒಂದೇ ಬೆಂಚಿನ ಇಬ್ಬರು ಹುಡುಗರು ಬಂದರು. ಮೊದಲನೆಯವನನ್ನ ಕೇಳಿದೆ, “ಪಿಯುಸಿಗೆ ಏನ್ ತಗೋತೀಯಾ?”

“ಅವನು ತಗೊಂಡಿದ್ದು ಮಿಸ್.”

“ಅವನೇನ್ ತಗೋತಾನೆ?”

ಎರಡನೆಯವನು ತಲೆ ಕೆರೆದುಕೊಂಡ. “ನಾನು ಇವನು ತಗೊಂಡಿದ್ದೇ ಮಿಸ್.”

ನನಗೆ ಪಿತ್ತ ನೆತ್ತಿಗೇರಿತು. ಒಬ್ಬನನ್ನ ಲ್ಯಾಬಲ್ಲಿ, ಇನ್ನೊಬ್ಬನನ್ನ ಸ್ಟಾಫ್ ರೂಮಲ್ಲಿ ಕೂರಿಸಿ ಚೀಟಿ ಕೊಟ್ಟೆ. ‘ಈಗ ಸ್ವಂತ ಬುದ್ಧಿ ಉಪಯೋಗಿಸಿ ಬರೀರಿ’ ಅಂದೆ. ಅರ್ಧ ಗಂಟೆ ಇಬ್ಬರೂ ಬೆವರಿಳಿಸಿಕೊಂಡು ಯೋಚನೆ ಮಾಡಿದರು. ಚೀಟಿ ಬಿಚ್ಚಿ ನೋಡಿದರೆ ಎರಡರಲ್ಲೂ ಒಂದೇ ಸಾಲು: ‘ಅವನು ಬರೆದಿದ್ದು.’ ಇಷ್ಟು ವರ್ಷದ ಸರ್ವೀಸಲ್ಲಿ ಕಾಪಿ ಹೊಡೆಯದೆ ಇಬ್ಬರ ಉತ್ತರ ಅಕ್ಷರಕ್ಕಕ್ಷರ ಒಂದೇ ಬಂದಿದ್ದು ಅದೊಂದೇ ಸಲ.

ಕ್ವಾರ್ಟರ್ಸ್ ಇದೆಯಾ?

ಕೋರಮಂಡಲ್ ಕಡೆಯ ಒಬ್ಬ ಹುಡುಗನ ಜೊತೆ ಅವನ ತಾತ ಬಂದರು. ಚಿನ್ನದ ಗಣಿಯಲ್ಲಿ ಕೆಲಸ ಮಾಡಿ, ಕಂಪನಿ ಮನೆಯಲ್ಲೇ ಇದ್ದು ರಿಟೈರ್ ಆದವರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಅವರ ಅಳತೆಗೋಲು ಒಂದೇ.

“ಕಾಮರ್ಸ್ ಓದಿದ್ರೆ ಬ್ಯಾಂಕ್ ಪರೀಕ್ಷೆ ಬರೀಬೋದು” ಅಂದೆ.

“ಬ್ಯಾಂಕಲ್ಲಿ ಕ್ವಾರ್ಟರ್ಸ್ ಕೊಡ್ತಾರಾಮ್ಮಾ?”

“ಎಲ್ಲರಿಗೂ ಕೊಡಲ್ಲ ತಾತ. ಹೋಗಲಿ, ಲ್ಯಾಬ್ ಟೆಕ್ನಿಷಿಯನ್?”

“ಕ್ವಾರ್ಟರ್ಸ್?”

ನಾನು ಹತ್ತು ಕೆಲಸ ಹೇಳಿದೆ, ತಾತ ಹತ್ತು ಸಲ ಕ್ವಾರ್ಟರ್ಸ್ ಕೇಳಿದರು. ಕೊನೆಗೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

“ನೀನು ಡಿಗ್ರಿ ಮೇಲೆ ಡಿಗ್ರಿ ಮಾಡಿದ್ದೀಯಲ್ಲಮ್ಮಾ, ನಿನಗೆ ಕ್ವಾರ್ಟರ್ಸ್ ಕೊಟ್ಟಿದ್ದಾರಾ?”

“ಇಲ್ಲ ತಾತ, ಬಾಡಿಗೆ ಮನೆ.”

ಅವರು ಮೊಮ್ಮಗನ ಕೈ ಹಿಡಿದು ಎದ್ದರು. “ಬಾರಪ್ಪಾ, ಪಾಪ, ಇವರೇ ಇನ್ನೂ ಸರಿಯಾಗಿ ಸೆಟ್ಲ್ ಆಗಿಲ್ಲ.”

ಹಸುವಿನ ಟೈಂಟೇಬಲ್

ನಾನು ಸೋಲಲೇಬಾರದು ಅಂತ ಹಲ್ಲು ಕಚ್ಚಿ ನಿಂತಿದ್ದು ಮಾತ್ರ ಒಬ್ಬ ಹುಡುಗಿಯ ವಿಷಯದಲ್ಲಿ. ಬಂಗಾರಪೇಟೆ ರಸ್ತೆಯ ಒಂದು ಹಳ್ಳಿಯವಳು. ನಾನು ಕೇಳೋ ಮೊದಲೇ, “ಮಿಸ್, ನಾನು ದನದ ಡಾಕ್ಟ್ರಾಗ್ಬೇಕು, ಸೈನ್ಸ್ ತಗೋತೀನಿ” ಅಂದವಳು. ಅಂಥ ಉತ್ತರ ಕೇಳಿ ನನಗೆ ಕಣ್ಣು ತುಂಬಿ ಬಂದಿತ್ತು. ರಿಸಲ್ಟ್ ಬಂತು, ಒಳ್ಳೇ ಮಾರ್ಕ್ಸೂ ಬಂತು. ಆಮೇಲೆ ಒಂದು ದಿನ ಸಪ್ಪೆ ಮುಖ ಹಾಕಿಕೊಂಡು ಬಂದು, “ಆರ್ಟ್ಸ್ ತಗೋತೀನಿ ಮಿಸ್” ಅಂದಳು.

ಅಪ್ಪನನ್ನ ಕರೆಸಿದೆ. ರೈತ, ದೊಡ್ಡ ಮೀಸೆ, ಮೆತ್ತಗಿನ ಮಾತು.

“ಯಾಕಪ್ಪಾ ಸೈನ್ಸ್ ಬೇಡ ಅಂತೀಯಾ?”

“ನಾನೆಲ್ಲಿ ಬ್ಯಾಡ ಅಂದೆ ಮೇಡಂ? ನಾನೂ ಒಪ್ಪಿವ್ನಿ, ಅವ್ಳ ಅಮ್ಮನೂ ಒಪ್ಪವ್ಳೆ. ನಮ್ ಸೀಮೆ ಅಸುನೇ ಒಪ್ಪಲ್ಲ.”

ವಿಷಯ ಇಷ್ಟು. ಆ ಹಸು ಹಾಲು ಕರೆಯೋಕೆ ಈ ಹುಡುಗಿಯನ್ನ ಬಿಟ್ಟು ಬೇರೆ ಯಾರನ್ನೂ ಹತ್ತಿರ ಬಿಡೋದಿಲ್ಲ. ಊರಿನ ಡೈರಿ ಸಂಜೆ ಆರಕ್ಕೆ ಮುಚ್ಚುತ್ತೆ. ಸೈನ್ಸ್ ತಗೊಂಡರೆ ಪ್ರಾಕ್ಟಿಕಲ್ಸ್ ಮುಗಿಸಿ, ಬಸ್ಸು ಹಿಡಿದು ಮನೆ ಸೇರೋದು ಆರೂವರೆಗೆ. ಆರ್ಟ್ಸ್ ಆದರೆ ಮಧ್ಯಾಹ್ನವೇ ಮನೆಗೆ ಬರಬಹುದು. ತಾತಂದಿರ ಜೊತೆ, ಸೋದರಮಾವಂದಿರ ಜೊತೆ ಜಗಳ ಆಡಿ ನನಗೆ ಅಭ್ಯಾಸ ಇದೆ. ಹಸುವಿನ ಜೊತೆ ಎಲ್ಲಿ ಜಗಳ ಆಡೋದು?

ಆದರೂ ಭಾನುವಾರ ಅವರ ಊರಿಗೇ ಹೋದೆ. “ನೀನೇ ಹಾಲು ಕರೆದು ತೋರ್ಸು” ಅಂತ ಅಪ್ಪನನ್ನ ಕೂರಿಸಿದೆ. ಹಸು ಬಕೆಟ್ಟು ಒದೆಯಿತು. ಛಲ ಬಿಡದೆ ನಾನೇ ಸೆರಗು ಸಿಕ್ಕಿಸಿಕೊಂಡು ಕೂತೆ. ಈ ಸಲ ನನ್ನನ್ನೇ ಒದೆಯಿತು. ಅರ್ಧ ಊರು ನಿಂತು ನೋಡ್ತಾ ಇತ್ತು, ಅದರಲ್ಲಿ ಗಣಿತದಲ್ಲಿ ನನ್ನ ಕೈಲಿ ಫೇಲಾದವರು ನಾಲ್ಕೈದು ಜನ ಇದ್ದರು. ಅವರ ಮುಖದಲ್ಲಿ ಅಷ್ಟೊಂದು ನೆಮ್ಮದಿ ನಾನು ಯಾವತ್ತೂ ಕಂಡಿರಲಿಲ್ಲ.

ಯೂನಿಫಾರಂ

ಸೀರೆ ಕೊಡವಿಕೊಂಡು ಎದ್ದವಳೇ ಹುಡುಗಿಗೆ ಹೇಳಿದೆ, “ದನದ ಡಾಕ್ಟರ್ ಆಗೋಳು ನೀನು. ಇದು ನಿನ್ನ ಮೊದಲನೇ ಕೇಸು. ಶನಿವಾರ ಪಿಯುಸಿ ಅರ್ಜಿಗೆ ಕೊನೇ ದಿನ, ಅಷ್ಟರಲ್ಲಿ ನೀನೇ ಏನಾದ್ರೂ ದಾರಿ ಹುಡುಕು.”

“ಅದು ನನ್ ವಾಸ್ನೆ ಗುರ್ತಿಟ್ಕೊಂಡೈತೆ ಮಿಸ್” ಅಂದಳು, ಏನೋ ಲೆಕ್ಕ ಹಾಕುತ್ತಾ.

ಸೋಮವಾರ ಸುದ್ದಿಯಿಲ್ಲ. ಬುಧವಾರವೂ ಇಲ್ಲ. ಶುಕ್ರವಾರ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಒಂದು ಹಸುವಿನಿಂದ ಈ ಮಗುವಿನ ಓದು ಹಾಳಾಗುತ್ತಲ್ಲಾ ಅಂತ ಅನ್ನಿಸ್ತಾ ಇತ್ತು.

ಶನಿವಾರ ಬೆಳಿಗ್ಗೆ ಸ್ಟಾಫ್ ರೂಮಲ್ಲಿ ಅರ್ಜಿ ಇಟ್ಟುಕೊಂಡು ಕೂತಿದ್ದೆ. ಬಾಗಿಲಲ್ಲಿ ಅಪ್ಪ ಏದುಸಿರು ಬಿಡುತ್ತಾ ನಿಂತ, ಹಿಂದೆ ಮಗಳು. ರೂಮಲ್ಲಿದ್ದ ನಾವ್ಯಾರೂ ಅವನ ಮುಖ ನೋಡಲಿಲ್ಲ. ಕೊರಳು ನೋಡಿದೆವು. ದೊಡ್ಡ ಮೀಸೆಯ ಕೆಳಗೆ, ಎದೆಗೆ ಅಡ್ಡಲಾಗಿ, ಎರಡೂ ಭುಜಕ್ಕೆ ಪಿನ್ ಹಾಕಿದ ನಮ್ಮ ಸ್ಕೂಲಿನ ನೀಲಿ ವೇಲು.

“ಸೈನ್ಸ್ ಬರ್ಕಳಿ ಮೇಡಂ” ಅಂದ. “ಅಸು ಒಪ್ಕಂಡೈತೆ.”

ಹುಡುಗಿ ವಿವರ ಹೇಳಿದಳು. ಮೂರು ವರ್ಷ ಅದೇ ವೇಲು ಹೊದ್ದು ಹಾಲು ಕರೆದಿದ್ದಳಂತೆ. ಒಗೆಯದೆ ಅಪ್ಪನಿಗೆ ಹೊದಿಸಿ ಕೂರಿಸಿದಳಂತೆ. ಮೊದಲ ದಿನ ಹಸು ತಿರುಗಿ ತಿರುಗಿ ಮೂಸಿ ನೋಡಿತು, ಮೂರನೇ ದಿನಕ್ಕೆ ಸುಮ್ಮನೆ ನಿಂತು ಹಾಲು ಕೊಟ್ಟಿತು. ಈವತ್ತು ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರೇ ಬಸ್ಸಿಗೆ ಓಡಿದ್ದಾರೆ, ವೇಲು ತೆಗೆಯೋದು ಮರೆತುಹೋಗಿದೆ.

ನಾನು ಅರ್ಜಿಯಲ್ಲಿ ‘ಸೈನ್ಸ್’ ಅಂತ ತುಂಬಿಸಿದೆ. ಅಪ್ಪ ವೇಲು ಹಿಂದಕ್ಕೆ ಸರಿಸಿಕೊಂಡು ಬಗ್ಗಿ ಸಹಿ ಹಾಕಿದ. ಅಷ್ಟೊತ್ತಿಗೆ ಒಳಗೆ ಬಂದ ಹೆಡ್‌ಮಾಸ್ಟರು ಅವನನ್ನ ನೋಡಿ ಅಲ್ಲೇ ನಿಂತರು.

“ಏನಪ್ಪಾ ಇದು ವೇಷ? ತೆಗೀಬಾರ್ದಾ?”

ಅಪ್ಪ ಪಿನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

“ಎಂಗ್ ತೆಗೀಲಿ ಸಾರ್? ಅವ್ಳು ಡಾಕ್ಟ್ರಾಗೋ ಗಂಟ ನಂಗೂ ಯೂನಿಫಾರಂ ಕಡ್ಡಾಯ.”