ಎಂಟು ದೀಪದ ಪೆಟ್ಟಿಗೆ

ಹೊಳೆನರಸೀಪುರದ ಒಂದು ಕಚೇರಿ, ಹೆಸರು ಬೇಡ. ಅಲ್ಲಿನ ಆರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಲು ಸ್ವಿಚ್ ಎಂಬ ಪುಟ್ಟ ಪೆಟ್ಟಿಗೆಯಿತ್ತು; ವೈರು ಸಿಕ್ಕಿಸಲು ಎಂಟು ತೂತು, ತೂತಿಗೊಂದು ದೀಪ. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಅದರ ಮೇಲೆ ಸದಾ ನಿಗಾ ಇಡಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಗುಮಾಸ್ತ ತಿರುನಾರಾಯಣನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ತರಬೇತಿಗೆ ಹೋಗಿಬಂದವನು ಅವನೊಬ್ಬನೇ. ಇದು ಅಗ್ಗದ ಪೆಟ್ಟಿಗೆ, ಕಂಪ್ಯೂಟರಿನಲ್ಲಿ ಎಷ್ಟು ಕೇಳಿದರೂ ತನ್ನ ಕಷ್ಟಸುಖ ಹೇಳುವುದಿಲ್ಲ, ದೀಪ ಮಿನುಗುವುದನ್ನು ನೋಡಿಯೇ ತಿಳಿಯಬೇಕು ಎಂದು ಮ್ಯಾನೇಜರ್ ಕೆಂಪಣ್ಣನವರಿಗೆ ವಿವರಿಸಿದ. ಅವರು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿ, "ನೋಡ್ಕಂಡು ಕೂತ್ಕಳಿ" ಅಂದರು.

ಆ ಶುಕ್ರವಾರ ಜಿಲ್ಲೆಯ ಸಾಹೇಬರು ಚನ್ನಬಸವಯ್ಯ ತಪಾಸಣೆಗೆ ಬರುವವರಿದ್ದರು. ಹಾಸನದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ತಿರುನಾರಾಯಣನಿಗೆ ತನ್ನೂರಿಗೇ ವರ್ಗವಾಗಲು ಅವರ ಒಂದು ರುಜು ಸಾಕಿತ್ತು. ಇನ್ನು ಡಬ್ಬಿ ಕಟ್ಟುವುದು ಬೇಡ, ಮಧ್ಯಾಹ್ನದ ಊಟಕ್ಕೆ ಮನೆಗೇ ಬರುತ್ತೇನೆ ಎಂದು ಆ ಬಡಪಾಯಿ ತನ್ನ ಹೆಂಡತಿ ಆರತಿಗೆ ಮಾತು ಕೊಟ್ಟು ಬಂದಿದ್ದ.

ಟೈಪಿಸ್ಟ್ ಪ್ರೇಮಕುಮಾರಿ ಪೆಟ್ಟಿಗೆಯತ್ತ ಬಗ್ಗಿ ನೋಡಿದರು. "ಎರಡು ದೀಪ ಶಾಂತ ಆಗ್ಬಿಟ್ಟಿವೆಯಲ್ರೀ. ಶುಕ್ರವಾರ ಬೇರೆ."

ಅವು ಖಾಲಿ ತೂತುಗಳು, ವೈರು ಹಾಕಿದರೆ ಮಾತ್ರ ಉರಿಯುತ್ತವೆ ಎಂದು ಇವನು ಹೇಳಿದ. ಕೇಳುವವರು ಯಾರು? ಜವಾನ ಕೆಂಚಯ್ಯ ಆಗಲೇ ಪೆಟ್ಟಿಗೆಗೆ ಕುಂಕುಮ ಇಡುತ್ತಿದ್ದ. ಕೆಂಪಣ್ಣನವರು, "ಸಾಹೇಬ್ರು ಬರೋ ಒತ್ಗೆ ಎಂಟೂ ಉರೀಬೇಕು ಕಣ್ರೀ. ಇಲ್ದಿದ್ರೆ ನಿಮ್ ರುಜು ನಂಗೊತ್ತಿಲ್ಲ" ಅಂದರು.

ತಿರುನಾರಾಯಣ ಬೀರುವಿನಿಂದ ಒಂದು ತುಂಡು ವೈರು ತಂದು, ಅದರ ಎರಡು ತುದಿಗಳನ್ನೂ ಆ ಎರಡು ತೂತುಗಳಿಗೆ ಸಿಕ್ಕಿಸಿದ. ದೀಪ ಹತ್ತಿದವು. ಮರುಕ್ಷಣ ಎಂಟೂ ದೀಪಗಳು ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ ಕುಣಿಯತೊಡಗಿದವು. ಅತ್ತ ಒಂದರ ಮಾತು ಇನ್ನೊಂದಕ್ಕೆ ಕೇಳದೆ ಕಂಪ್ಯೂಟರುಗಳೆಲ್ಲ ನಿಂತುಬಿಟ್ಟವು. ಹೀಗೆ ಸಿಕ್ಕಿಸಿದರೆ ಪೆಟ್ಟಿಗೆ ತನಗೆ ತಾನೇ ಮಾತಾಡಿಕೊಂಡು ಹುಚ್ಚೆದ್ದು ಹೋಗುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದು ಅವನಿಗೆ ಆಗ ನೆನಪಾಯಿತು. ಕೀಳಲು ಕೈ ಚಾಚುವಷ್ಟರಲ್ಲಿ ಹೊರಗೆ ಜೀಪು ನಿಂತಿತು.

ಎಲ್ಲರೂ ಕೈಕಟ್ಟಿ ಕೂತದ್ದನ್ನು ಕಂಡು ಸಾಹೇಬರು ಹುಬ್ಬು ಗಂಟಿಕ್ಕಿದರು. "ಕೆಲ್ಸ ಎಲ್ಲಾ ಅದ್ರೊಳಗೇ ಆಯ್ತಾ ಅದೆ ಸಾ" ಎಂದು ಕೆಂಪಣ್ಣನವರು ಪೆಟ್ಟಿಗೆ ತೋರಿಸಿದರು. ದೀಪಗಳ ಕುಣಿತಕ್ಕೆ ಸಾಹೇಬರ ಮುಖ ಅರಳಿತು. ಇಷ್ಟು ಚುರುಕಾದ ಪೆಟ್ಟಿಗೆ ಜಿಲ್ಲೆಯಲ್ಲೇ ಕಂಡಿಲ್ಲವೆಂದರು. ತಿರುನಾರಾಯಣನಿಗೆ ನಾಚಿಕೆಯಾಯಿತು, ಆದರೂ ರುಜುವಿನ ಆಸೆಗೆ ಬಾಯಿ ಮುಚ್ಚಿಕೊಂಡು ಅರ್ಜಿ ಮುಂದಿಟ್ಟ. ಪೆನ್ನು ತೆಗೆದ ಸಾಹೇಬರು ಅದನ್ನು ಮತ್ತೆ ಜೇಬಿಗೆ ಸಿಕ್ಕಿಸಿದರು. ಇಂಥವರನ್ನು ಕಳಿಸಿದರೆ ಇಲ್ಲಿ ನಿಗಾ ಇಡುವವರು ಯಾರು ಎಂದರು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. "ಸಾರ್, ಇದನ್ನ ಕೆಡಿಸಿದ್ದೇ ನಾನು" ಎನ್ನುತ್ತಾ ವೈರು ಕಿತ್ತ. ಎರಡು ದೀಪ ಹೋದವು, ಕಂಪ್ಯೂಟರುಗಳಿಗೆ ಜೀವ ಬಂತು.

ಸಾಹೇಬರು ಅವನನ್ನೇ ನೋಡಿದರು. "ಅರಕಲಗೂಡು, ಚನ್ನರಾಯಪಟ್ಟಣದ ಕಚೇರೀಲೂ ಕಂಪ್ಯೂಟರು ವಾರದಿಂದ ಹಿಂಗೇ ನಿಂತಿವೆ. ಕೆಡಿಸಿದ್ದು ಯಾರು ಅಂತ್ಲೇ ಅಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗಾದ್ರೂ ಗೊತ್ತಿದೆ. ಸೋಮವಾರದಿಂದ ಅವನ್ನೂ ನೀವೇ ನೋಡ್ಕೊಳಿ."

ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಮನೆ ಸೇರಿದ ತಿರುನಾರಾಯಣ, ಸೋಮವಾರದಿಂದ ರಾತ್ರಿ ಊಟಕ್ಕೂ ಒಂದು ಡಬ್ಬಿ ಸಿಕ್ಕೀತೇ ಎಂದು ಆರತಿಯನ್ನು ಕೇಳಿದ.