ಅತ್ತೆಯ ಭುಜಕ್ಕೆ ಕೂರುವ ರವಿಕೆ

ಬೆಳಿಗ್ಗೆ ಹತ್ತೂವರೆಗೆ ಯಾರಾದರೂ ಮಧ್ಯಾಹ್ನದ ಊಟಕ್ಕೆ ಹೋಗುತ್ತಾರೆಯೇ? ಹೋಗುತ್ತಾರೆ! ನನ್ನ ಸೋದರತ್ತೆ ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಶಿವಮೊಗ್ಗದಿಂದ ಭದ್ರಾವತಿಯವರೆಗಿನ ಯಾವ ಟೈಲರನೇ ಆಗಲಿ, ಕತ್ತರಿ ಕೆಳಗಿಟ್ಟು, ಕುತ್ತಿಗೆಯ ಟೇಪು ತೆಗೆದು, ಹಿಂಬಾಗಿಲಿನಿಂದ ಊಟಕ್ಕೆ ಹೋಗಿಬಿಡುತ್ತಾನೆ.

ಹಾಗಂತ ಅತ್ತೆ ಜಗಳಗಂಟಿ ಅಂದುಕೊಳ್ಳಬೇಡಿ. ಅವಳಷ್ಟು ಸರಳ ಹೆಂಗಸನ್ನು ನಾನು ಕಂಡಿಲ್ಲ. ಒಡವೆ ಬೇಡ, ರೇಷ್ಮೆ ಬೇಡ, ಜರಿ ಬೇಡವೇ ಬೇಡ. ಅವಳು ಈ ಜನ್ಮದಲ್ಲಿ ಕೇಳಿದ್ದು ಒಂದೇ, ಮೈಗೆ ಸರಿಯಾಗಿ ಕೂರುವ ಒಂದು ರವಿಕೆ. ಇದೇನು ಅಂಥ ದೊಡ್ಡ ಬೇಡಿಕೆಯೇ? ಹೌದು ಸ್ವಾಮಿ, ದೊಡ್ಡದೇ! ಅದು ಯಾಕೆ ಅಂತ ತಿಳಿಯಬೇಕಾದರೆ ನೀವು ಅವಳ ಭುಜಗಳನ್ನು ನೋಡಬೇಕು.

ಅತ್ತೆ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದು ನಿವೃತ್ತಳಾದವಳು. ಹರೆಯದಲ್ಲಿ ಗುಂಡು ಎಸೆದು ಗೆದ್ದ ಕಪ್ಪುಗಳು ಕಾಗದನಗರದ ಅವಳ ಮನೆಯ ಶೋಕೇಸಿನಲ್ಲಿ ಇಂದಿಗೂ ಇವೆ. ಎತ್ತರದಲ್ಲಿ ನನ್ನ ಕಿವಿಯವರೆಗೆ ಬರುತ್ತಾಳೆ ಅಷ್ಟೆ. ಆದರೆ ಅಗಲ? ಆಲ್ಕೊಳದ ನಮ್ಮ ಮನೆಯ ದೇವರ ಕೋಣೆಗೆ ಅವಳು ಓರೆಯಾಗಿ ತಿರುಗಿಯೇ ಹೋಗಬೇಕು! ಭುಜ ಪೈಲ್ವಾನನದು, ಸೊಂಟ ಮಾತ್ರ ಕಾಲೇಜು ಹುಡುಗಿಯದು. ಸೊಂಟ ನೋಡಿಕೊಂಡು ಹೊಲಿದರೆ ತೋಳು ಏರುವುದಿಲ್ಲ. ತೋಳು ನೋಡಿಕೊಂಡು ಹೊಲಿದರೆ ಕೆಳಗೆ ಇನ್ನೊಬ್ಬರು ಬಂದು ಬಾಡಿಗೆಗೆ ಇರುವಷ್ಟು ಜಾಗ.

ಇಷ್ಟೇ ಆಗಿದ್ದರೆ ಟೈಲರುಗಳು ಹೇಗೋ ಸುಧಾರಿಸುತ್ತಿದ್ದರು. ಅತ್ತೆಯ ಪರೀಕ್ಷೆಯೇ ಅವರನ್ನು ಕೆಡವಿದ್ದು.

ನಾವೆಲ್ಲ ರವಿಕೆ ಹಾಕಿಕೊಂಡು ಕನ್ನಡಿಯ ಮುಂದೆ ಎಡಕ್ಕೆ ಬಲಕ್ಕೆ ತಿರುಗಿ ನೋಡಿ ಮುಗಿಸುತ್ತೇವೆ. ಅತ್ತೆ ಕನ್ನಡಿಯನ್ನೇ ನೋಡುವುದಿಲ್ಲ. ಅಂಗಡಿಯ ನಡುವೆ ಕಾಲು ಜೋಡಿಸಿ ನಿಂತು, ತನಗೆ ತಾನೇ "ಸಾವಧಾನ್!" ಎಂದು ಹೇಳಿಕೊಳ್ಳುತ್ತಾಳೆ. ಎರಡೂ ಕೈ ಮೇಲೆ. ಎರಡೂ ಕೈ ಪಕ್ಕಕ್ಕೆ. ಆಮೇಲೆ ಗಾಳಿಯಲ್ಲಿ ಚಕ್ರ. ಮೇಲಿನ ಅಟ್ಟದಿಂದ ಡಬ್ಬಿ ಇಳಿಸಿದಂತೆ, ತಂತಿಯ ಮೇಲೆ ಒದ್ದೆ ಬೆಡ್‌ಶೀಟ್ ಎಸೆದಂತೆ, ಹೊರಟ ಬಸ್ಸಿನ ಕಂಬಿ ಹಿಡಿದಂತೆ, ಒಂದೊಂದೂ ಅಭಿನಯ! ಕೊನೆಗೆ ಕುತ್ತಿಗೆಯ ಹತ್ತಿರ ಮುಷ್ಟಿ ತಂದು, ಮೊಣಕಾಲು ಬಗ್ಗಿಸಿ, ಕಾಣದ ಗುಂಡೊಂದನ್ನು ರಸ್ತೆಯ ಕಡೆಗೆ ಎಸೆಯುತ್ತಾಳೆ. ದಾರಿಹೋಕರು ತಲೆ ತಗ್ಗಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಕಾಗದನಗರದ ಬಸ್‌ಸ್ಟಾಪಿನ ಬಳಿ ಒಬ್ಬ ತಮಿಳು ಟೈಲರ್ ಇದ್ದ, ಬಹಳ ತಾಳ್ಮೆಯ ಮನುಷ್ಯ. ಒಮ್ಮೆ ಅವನು ಹೊಲಿದ ರವಿಕೆ ಕೈ ಎತ್ತುವುದರಲ್ಲಿ ಪಾಸಾಯಿತು. ಚಕ್ರದಲ್ಲೂ ಪಾಸಾಯಿತು. ಬೆಡ್‌ಶೀಟ್ ಒಣಹಾಕಿದಾಗಲೂ ಹೊಲಿಗೆ ಅಲುಗಲಿಲ್ಲ. ಅವನ ಮುಖದಲ್ಲಿ ನಗು ಅರಳಿತು. ಅಷ್ಟರಲ್ಲಿ ಅತ್ತೆ ಗುಂಡು ಎಸೆದಳು. ಪರ್‍ರ್ ಎಂದಿತು ಕಂಕುಳ!

"ಅಯ್ಯೋ ಮುರುಗಾ! ಟೀಚರಮ್ಮಾ, ಸೀರೆ ಬ್ಲೌಸು ಹಾಕ್ಕೊಂಡು ಯಾರಮ್ಮಾ ಗುಂಡು ಎಸೀತಾರೆ?" ಎಂದು ಅವನು ತಲೆಯ ಮೇಲೆ ಕೈ ಹೊತ್ತ.

"ನಾನು ಎಸೀತಿದ್ನಲ್ಲ! ರಿಟೈರ್ ಆಗೋವರೆಗೂ ಮಕ್ಕಳಿಗೆ ಸೀರೆ ಉಟ್ಕೊಂಡೇ ತೋರಿಸಿದೀನಿ."

"ಈಗ ಎಲ್ಲಮ್ಮಾ ಎಸೀತೀರ?"

"ಎಸೆಯೋ ಪ್ರಸಂಗ ಬಂದ್ರೆ?"

ಇದಕ್ಕೆ ಏನು ಹೇಳುತ್ತೀರಿ? ಪಾಪ, ಅವನು ಆ ರವಿಕೆಯನ್ನು ಮಡಚಿ ಕೊಟ್ಟು, ಅಂದಿನಿಂದ ಗಂಡಸರ ಪ್ಯಾಂಟು ಮಾತ್ರ ಹೊಲಿಯುತ್ತೇನೆ ಎಂದು ಬೋರ್ಡು ಬರೆಸಿದ.

ಅಂಥ ಪ್ರಸಂಗ ಬಂದೂ ಬಿಟ್ಟಿತು ನೋಡಿ! ಕೋಟೆಯ ಕಡೆ ಒಂದು ಕಲ್ಯಾಣಮಂಟಪದಲ್ಲಿ ನಮ್ಮ ನೆಂಟರ ಮದುವೆ. ಅತ್ತೆ ಹೊಸ ಟೈಲರನ ಹೊಸ ರವಿಕೆ ತೊಟ್ಟು, ಜನರ ಹಿಂದೆ, ಎಲ್ಲೋ ಕೊನೆಯ ಸಾಲಿನಲ್ಲಿ ನಿಂತಿದ್ದಳು. ಗಟ್ಟಿಮೇಳ ಶುರುವಾಯಿತು. ಎಲ್ಲರೂ ಅಕ್ಷತೆಯನ್ನು ನಿಂತಲ್ಲಿಂದಲೇ ಮುಂದಿನವರ ಜಡೆಗೆ ಹಾಕಿ ಕೈ ತೊಳೆದುಕೊಂಡರು. ಆದರೆ ಅತ್ತೆಗೆ ಅದೆಲ್ಲ ಆಗದು. ಆಶೀರ್ವಾದ ಅಂದಮೇಲೆ ವಧೂವರರಿಗೇ ತಲುಪಬೇಕಲ್ಲವೇ? ಮುಷ್ಟಿ ಕುತ್ತಿಗೆಯ ಹತ್ತಿರ ಹೋಯಿತು. ಮೊಣಕಾಲು ಬಗ್ಗಿತು. ನಾನು "ಅತ್ತೆ, ಬೇಡ!" ಎನ್ನುವಷ್ಟರಲ್ಲಿ ಅಕ್ಷತೆ ಹೊರಟಾಗಿತ್ತು!

ಅದು ಇಡೀ ಸಭೆಯನ್ನು ದಾಟಿ ನೇರ ವೀಡಿಯೊದವನ ಮುಖಕ್ಕೆ ಬಡಿಯಿತು. ವಾದ್ಯದ ಅಬ್ಬರದ ನಡುವೆಯೂ ಅತ್ತೆಯ ರವಿಕೆ ಹರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬೇಸಿಗೆಯ ಆ ಧಗೆಯಲ್ಲಿ ಅತ್ತೆ ಮೈತುಂಬ ಸೆರಗು ಹೊದ್ದು ಊಟಕ್ಕೆ ಕುಳಿತಳು. ಬಡಿಸುವವರು "ಏನ್ರಮ್ಮಾ, ಚಳಿನಾ?" ಎಂದರೆ "ಹೂಂ ಕಣಪ್ಪಾ, ಸ್ವಲ್ಪ ಚಳಿ, ಇನ್ನೊಂದ್ಚೂರು ಪಾಯಸ ಹಾಕು" ಎಂದಳು. ಆ ಮದುವೆಯ ವೀಡಿಯೊ ಈಗಲೂ ಇದೆ. ಅದರಲ್ಲಿ ತಾಳಿ ಕಟ್ಟುವ ದೃಶ್ಯ ಇಲ್ಲ, ಆ ಜಾಗದಲ್ಲಿ ಮಂಟಪದ ಸೀಲಿಂಗ್ ಫ್ಯಾನು ಬಹಳ ಸೊಗಸಾಗಿ ಬಂದಿದೆ!

ನನಗೂ ಅತ್ತೆಯ ಪಾಡು ನೋಡಲಾಗದೆ, ಮೊಬೈಲಿನಲ್ಲಿ ಒಂದು ಸ್ಟ್ರೆಚ್ ಬ್ಲೌಸ್ ತರಿಸಿಕೊಟ್ಟೆ. ಗುಂಡಿ ಇಲ್ಲ, ಹುಕ್ ಇಲ್ಲ, ತಲೆಯ ಮೇಲಿಂದ ಎಳೆದುಕೊಂಡರೆ ಆಯಿತು. ಎಲ್ಲರಿಗೂ ಆಗುವ 'ಫ್ರೀ ಸೈಜ್' ಎಂದು ಬರೆದಿತ್ತು. ಎಲ್ಲರಿಗೂ ಎಂದರೆ ಯಾರಿಗೆ ಎಂದು ನಾವು ಮೊದಲೇ ಕೇಳಬೇಕಿತ್ತು!

ಹಾಕಿಕೊಂಡಿದ್ದೇನೋ ಆಯಿತು. ಅತ್ತೆ ಹಿಗ್ಗಿ, ಕೈ ಎತ್ತಿ, ಚಕ್ರ ಹೊಡೆದು, ಮೂರು ಕೋಣೆಗೂ ಗುಂಡು ಎಸೆದು ಬಂದಳು. "ಹರೀಲಿಲ್ಲ ಮಾರಾಯ್ತಿ! ಹರೀಲೇ ಇಲ್ಲ!" ಎಂದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ತೊಂದರೆ ಬಂದದ್ದು ತೆಗೆಯುವಾಗ. ಅದು ಭುಜದವರೆಗೆ ಬಂದು ನಿಂತುಬಿಟ್ಟಿತು. ಅತ್ತೆಯ ಎರಡು ಕೈಗಳೂ ಆಕಾಶದ ಕಡೆ, ಮುಖ ಬಟ್ಟೆಯ ಒಳಗೆ. ನಾನು ಮಂಚದ ಮೇಲೆ ಹತ್ತಿ ಎಳೆದೆ. ಬಟ್ಟೆ ಹಿಗ್ಗಿತೇ ಹೊರತು ಬಿಡಲಿಲ್ಲ.

"ಎಳಿಯೇ! ಅನ್ನ ತಿಂತೀಯೋ ಇಲ್ವೋ?" ಎಂದು ಒಳಗಿನಿಂದ ಧ್ವನಿ.

"ನೀನು ಉಸಿರು ಬಿಡು ಅತ್ತೆ!"

"ಬಿಟ್ಟೆ! ಇನ್ನು ಎಷ್ಟೊತ್ತು ಬಿಡ್ಲಿ? ತಗೋಬೇಕೋ ಬೇಡ್ವೋ?"

ಕೋಣೆಯ ಹೊರಗೆ ಮಾವ ಪೇಪರ್ ಓದುತ್ತಿದ್ದರು. ಇಷ್ಟು ವರ್ಷ ಕಾಗದದ ಕಾರ್ಖಾನೆಯಲ್ಲಿ ದುಡಿದ ಮನುಷ್ಯ, ಮಾತು ಕಡಿಮೆ. ಎದ್ದು ಬಂದರು. ಬಾಗಿಲ ಸಂದಿಯಿಂದ ಕೈ ಮಾತ್ರ ಒಳಗೆ ಚಾಚಿ ನನಗೆ ಕತ್ತರಿ ಕೊಟ್ಟರು. ಮತ್ತೆ ಹೋಗಿ ಪೇಪರ್ ಹಿಡಿದರು.

ಗಾಂಧಿ ಬಜಾರಿನ ಕತೆಯನ್ನೂ ಹೇಳಿಬಿಡುತ್ತೇನೆ. ಅಲ್ಲಿ ಗಂಡಸರ ಶರ್ಟು ಜೋಡಿಸಿಟ್ಟಿದ್ದ ಅಂಗಡಿಯ ಮುಂದೆ ಅತ್ತೆ ತಟ್ಟನೆ ನಿಂತಳು. ಅಂಗಡಿಯವರು ವಯಸ್ಸಾದವರು, ನಯವಾಗಿ "ಬನ್ನಿ ಬೆಹೆನ್‌ಜೀ, ಸಾಹೇಬ್ರ ಸೈಜ್ ಎಷ್ಟು?" ಎಂದರು.

"ಸಾಹೇಬ್ರಿಗಲ್ಲ, ನನಗೆ!"

ಅವರು ನನ್ನ ಮುಖ ನೋಡಿದರು. ನಾನು ಎದುರುಗಡೆಯ ಪಾತ್ರೆ ಅಂಗಡಿಯ ಸ್ಟೀಲ್ ಡಬ್ಬಿಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಅಷ್ಟರಲ್ಲಿ ಅತ್ತೆ ಸೀರೆಯ ಮೇಲೆಯೇ ಒಂದು ಚೌಕಳಿ ಶರ್ಟು ಏರಿಸಿಕೊಂಡು ಗುಂಡು ಎಸೆದೂ ಆಗಿತ್ತು. ಭುಜಕ್ಕೆ ಅಚ್ಚು ಹೊಡೆದಂತೆ ಕೂತಿತ್ತು! ಆದರೆ ಉದ್ದ ಮಾತ್ರ ಮೊಣಕಾಲು ಮುಟ್ಟುತ್ತಿತ್ತು, ತೋಳಿನ ತುದಿಯಲ್ಲಿ ಬೆರಳೇ ಕಾಣುತ್ತಿರಲಿಲ್ಲ. ಅತ್ತೆಗೆ ಅದರ ಪರಿವೆಯೇ ಇಲ್ಲ. ಎದೆಯ ಮೇಲೆ ಕೈಯಾಡಿಸಿ ಕಿರುಚಿದಳು: "ಏ, ಜೇಬಿದೆ ಕಣೇ! ಜೇಬು! ಗಂಡಸ್ರು ಇಷ್ಟು ದಿನ ಈ ಸುಖ ನಮ್ಗೆ ಹೇಳೇ ಇಲ್ವಲ್ಲೇ!"

ಆ ಶರ್ಟು ತೊಟ್ಟೇ ಅವಳು ಈಗ ಬೆಳಗಿನ ವಾಕಿಂಗ್ ಹೋಗುವುದು. ನಸುಗತ್ತಲಲ್ಲಿ ಹಿಂದಿನಿಂದ ನೋಡಿದವರು ಮಾವನೆಂದು ತಿಳಿದು ನಮಸ್ಕಾರ ಹೇಳುತ್ತಾರೆ. ಅತ್ತೆಯೂ ಮಾವನ ಪರವಾಗಿ ನಮಸ್ಕಾರ ಹೇಳಿ ಮುಂದೆ ಹೋಗುತ್ತಾಳೆ.

ನಾನು ಇವಿಷ್ಟನ್ನೂ ಹೇಳಿ ಹೇಳಿ ನಗಿಸುತ್ತಿದ್ದವಳು. ಹೋದ ಫೆಬ್ರವರಿಯ ನಂತರ ಹೇಳುವಾಗ ಜೊತೆಗೆ ಇನ್ನೊಂದು ಕತೆಯನ್ನೂ ಹೇಳುತ್ತೇನೆ.

ನನ್ನ ಮಗಳು ಆಗ ಹತ್ತನೇ ಕ್ಲಾಸು. ಶಾಲೆಯಲ್ಲಿ ಸೆಂಡ್ ಆಫ್. ಹುಡುಗಿಯರೆಲ್ಲ ಒಂದೇ ಥರದ, ದ್ರಾಕ್ಷಿ ಬಣ್ಣದ ಉದ್ದ ಗೌನು ಹಾಕಬೇಕೆಂದು ಮಾತಾಡಿಕೊಂಡಿದ್ದರು. ಅದು ಸಿಗುತ್ತಿದ್ದದ್ದು ನೆಹರೂ ರಸ್ತೆಯ ಒಂದು ಅಂಗಡಿಯಲ್ಲಿ. ಭದ್ರಾವತಿಯಿಂದ ಅತ್ತೆಯೂ ಬಂದಿದ್ದಳು. ಬಟ್ಟೆ ತರುವುದು ಅಂದರೆ ಅವಳಿಗೆ ಹಬ್ಬವಲ್ಲವೇ! ಮಗಳು ಟ್ರಯಲ್ ರೂಮಿಗೆ ಹೋದಳು. ಒಂದು ಸೈಜು ಆಗಲಿಲ್ಲ. ಅದಕ್ಕಿಂತ ದೊಡ್ಡದು ಕೊಟ್ಟೆವು, ಆಗಲಿಲ್ಲ. ಇದ್ದುದರಲ್ಲೆಲ್ಲ ದೊಡ್ಡದನ್ನು ಬಾಗಿಲ ಮೇಲಿನಿಂದ ಕೊಟ್ಟೆವು. ಅದೂ ಬಾಗಿಲ ಮೇಲಿನಿಂದಲೇ ವಾಪಸು ಬಂತು.

ಅಂಗಡಿಯ ಹುಡುಗಿ ಕೆಟ್ಟವಳೇನಲ್ಲ. ನನಗೆ ಸಮಾಧಾನ ಹೇಳುವವಳ ಹಾಗೆ, "ಇದಕ್ಕಿಂತ ದೊಡ್ಡದು ಬರಲ್ಲ ಆಂಟಿ. ಅವ್ಳಿಗೆ ಭುಜ ಜಾಸ್ತಿ, ಅದಕ್ಕೇ. ಸ್ವಲ್ಪ ದಿನ ಡಯಟ್ ಮಾಡ್ಲಿ, ಆಗುತ್ತೆ" ಎಂದಳು.

ಒಳಗಿನಿಂದ ನನ್ನ ಮಗಳ ದನಿ ಬಂತು. "ಮಾಡ್ತಾನೇ ಇದೀನಿ."

ನಾವೋ, ಪರೀಕ್ಷೆಯ ಭಯಕ್ಕೆ ಊಟ ಸೇರುತ್ತಿಲ್ಲ ಎಂದುಕೊಂಡಿದ್ದೆವು. ರಾತ್ರಿಯ ಊಟಕ್ಕೆ ತಲೆನೋವು ಎನ್ನುತ್ತಿದ್ದಳು, ಬೆಳಿಗ್ಗೆ ತಡವಾಯಿತು ಎಂದು ತಿಂಡಿ ಬಿಟ್ಟು ಓಡುತ್ತಿದ್ದಳು. ಬಾಗಿಲು ಬಡಿದೆ, ಕರೆದೆ. ತೆಗೆಯಲಿಲ್ಲ. ಬಿಕ್ಕುವುದು ಕೇಳಿಸುತ್ತಿತ್ತು.

ಈಗ ಅತ್ತೆ ಅಂಗಡಿ ಹಾರಿಹೋಗುವಂತೆ ಕೂಗುತ್ತಾಳೆ ಅಂದುಕೊಂಡೆ. ಕೂಗಲಿಲ್ಲ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಜನರ ನಡುವೆಯೇ, ಟ್ರಯಲ್ ರೂಮಿನ ಬಾಗಿಲಿಗೆ ಒರಗಿ ನೆಲದ ಮೇಲೆ ಕುಳಿತಳು. ಅತ್ತೆಗೆ ಅಷ್ಟು ಮೆತ್ತನೆಯ ದನಿ ಇದೆಯೆಂದು ನನಗೆ ಗೊತ್ತಾದದ್ದೇ ಆ ದಿನ.

"ಪುಟ್ಟೀ, ನಾನು. ಬಾಗ್ಲು ತೆಗೀಬೇಡ, ಸುಮ್ನೆ ಕೇಳು. ನಿನ್ನಷ್ಟಿದ್ದಾಗ ನಾನು ಬೇಸಿಗೇಲೂ ಸ್ವೆಟರ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ಭುಜ ಯಾರಿಗೂ ಕಾಣ್ಬಾರ್ದು ಅಂತ. ಹುಡುಗೀರು ನನ್ನ ಎತ್ತು ಅಂತಿದ್ರು. ಒಂದಿನ ಬಿಸ್ಲಲ್ಲಿ ತಲೆ ತಿರುಗಿ ಬಿದ್ಬಿಟ್ಟೆ."

ಒಳಗೆ ಬಿಕ್ಕುವುದು ಸ್ವಲ್ಪ ನಿಂತಿತು.

"ನಮ್ಮಮ್ಮ ಸ್ವೆಟರ್ ಬಿಚ್ಚಿ ಬೆನ್ನಿಗೆಲ್ಲ ಒದ್ದೆ ಬಟ್ಟೆ ಹಾಕಿದ್ಲು. ಬೈಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಕೊಂಡು ಅಳ್ತಿದ್ಲು. 'ಇದು ನಮ್ಮಮ್ಮನ ಭುಜ ಕಣೇ, ಹಂಗೇ ಇದೆ' ಅಂದ್ಲು. ನಾನು ನಮ್ಮಜ್ಜೀನ ನೋಡೇ ಇಲ್ಲ ಪುಟ್ಟೀ. ನಾನು ಹುಟ್ಟೋದ್ರೊಳಗೆ ಹೋಗ್ಬಿಟ್ಟಿದ್ಲು. ಒಂದು ಫೋಟೋನೂ ಇಲ್ಲ. ನಮ್ಮಮ್ಮಂಗೆ ಅವಳ ಗುರುತು ಅಂತ ಇದ್ದಿದ್ದು ನನ್ನ ಭುಜ ಒಂದೇ. ಅದನ್ನ ನಾನು ಮುಚ್ಚಿಟ್ಕೊಂಡು ತಿರುಗ್ತಿದ್ದೆ."

ಅಂಗಡಿಯ ಹುಡುಗಿ ಕೈಯಲ್ಲಿದ್ದ ಗೌನನ್ನು ಎದೆಗವಚಿಕೊಂಡು ನಿಂತಿದ್ದಳು.

"ನಿಂದು ಯಾರ ಭುಜ ಹೇಳು?"

ಒಳಗೆ ಬಟ್ಟೆ ಸರಿದ ಸದ್ದು. ಆಮೇಲೆ, ಮೂಗಿನಲ್ಲಿ, "ನಿಂದು, ಅಜ್ಜಿ" ಎಂದಳು ಮಗಳು.

"ಹೂಂ. ನಾನು ಹೋದ್ಮೇಲೆ ನಿಮ್ಮಮ್ಮಂಗೆ ನಾನು ಬೇಕು ಅನ್ಸಿದ್ರೆ ಎಲ್ಲಿ ನೋಡ್ಬೇಕು? ಹೊಟ್ಟೆಗಿಲ್ದೆ ಕರಗಿಸ್ಬೇಡ ಮಗಾ."

ಚಿಲಕ ಸರಿಯಿತು. ಅತ್ತೆ ಎದ್ದು, ಒಬ್ಬರೇ ನಿಲ್ಲಲು ಕಷ್ಟವಾದ ಆ ಪುಟ್ಟ ಕೋಣೆಯೊಳಗೆ ಓರೆಯಾಗಿ ನುಗ್ಗಿದಳು.

ಹೊರಗೆ ಬಂದಾಗ ಇಬ್ಬರ ಕಣ್ಣೂ ಕೆಂಪು. ಗೌನಿನ ಚಿಂತೆ ಬಗೆಹರಿಯಿತು ಬಿಡಿ. ಅದೇ ಬಣ್ಣದ ಬಟ್ಟೆ ತಂದು ಹೊಲಿಸಿದೆವು, ಮಗಳು ಗೆಳತಿಯರ ನಡುವೆ ನಿಂತು ನಗುತ್ತಿರುವ ಫೋಟೋ ನನ್ನ ಮೊಬೈಲಿನಲ್ಲಿದೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅಂಗಡಿಯಿಂದ ಇಳಿದು ನಾವು ಹೊಕ್ಕ ಪಕ್ಕದ ಹೋಟೆಲು.

ಮಗಳ ಮುಂದೆ ಮಸಾಲೆ ದೋಸೆ ಬಂತು. ಮೊದಲು ತುದಿಯನ್ನು ಮಾತ್ರ ಮುರಿದಳು. ಆಮೇಲೆ ತಲೆ ತಗ್ಗಿಸಿಕೊಂಡು, ಬೇಗ ಬೇಗ, ಚಿಕ್ಕ ಮಗುವಾಗಿದ್ದಾಗ ತಿನ್ನುತ್ತಿದ್ದ ಹಾಗೆ ಎರಡೂ ಕೆನ್ನೆ ತುಂಬಿಕೊಂಡು ತಿಂದಳು. ತಟ್ಟೆ ಖಾಲಿಯಾಯಿತು. ಅವಳು ಬೆರಳಲ್ಲಿ ತಟ್ಟೆಯ ಅಂಚನ್ನು ಸವರುತ್ತ ಕುಳಿತಳು.

ಅತ್ತೆ ತಾನಿನ್ನೂ ಮುಟ್ಟಿರದ ದೋಸೆಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಇಡೀ ಹೋಟೆಲು ಬೆಚ್ಚಿಬೀಳುವಂತೆ ಕೂಗಿದಳು: "ಇಲ್ಲಿ ಮಗೂಗೆ ಚಟ್ನಿ ಹಾಕ್ರೀ!"