ಕೋಲಿಯಸ್ ಎಲೆಯ ಅಧಿಕೃತ ಬಣ್ಣ

ಡೊಂಬಿವಲಿ ಪೂರ್ವದ ಶುಭಛಾಯಾ ಸಹಕಾರಿ ಗೃಹನಿರ್ಮಾಣ ಸಂಸ್ಥೆಯು ೨೦೧೧ರ ಏಪ್ರಿಲ್ ತಿಂಗಳ ವಿಶೇಷ ಸಭೆಯಲ್ಲಿ, ಕಿಟಕಿಯ ಗ್ರಿಲ್ಲಿನ ಮೇಲಿಡುವ ಕೋಲಿಯಸ್ ಗಿಡದ ಎಲೆಯ ಬಣ್ಣವನ್ನು ಸರ್ವಾನುಮತದಿಂದ ನಿಗದಿಪಡಿಸಿತು. ಮರೂನ್, ಅಂಚಿಗೆ ಹಸಿರು. ಕಟ್ಟಡಕ್ಕೆ ಬಳಿದ ಬಣ್ಣದ ಶೇಡ್ ಕಾರ್ಡಿನಲ್ಲಿ ಅದು ನಲವತ್ತೇಳನೆಯದು. ವಾರ್ಡಿನ ‘ಸುಂದರ ಸೊಸೈಟಿ’ ಸ್ಪರ್ಧೆಗೆ ಎಲ್ಲ ಕಿಟಕಿಗಳೂ ಒಂದೇ ತೆರನಾಗಿ ಕಾಣಬೇಕಿತ್ತು. ಗ್ರಿಲ್ಲಿಗೂ ಬಟ್ಟೆ ಒಣಹಾಕುವ ಹಗ್ಗಕ್ಕೂ ನಾವು ಮೊದಲೇ ಬಣ್ಣ ಗೊತ್ತುಮಾಡಿದ್ದೆವು, ಎಲೆ ಮಾತ್ರ ಬಿಟ್ಟುಹೋಗಿತ್ತು. ಸಂಸ್ಥೆಯ ನಡಾವಳಿ ಬರೆಯುವವನು ನಾನು. ಬರೆದುಕೊಂಡೆ.

ನಾಲ್ಕನೆಯ, ಅಂದರೆ ಕೊನೆಯ ಮಾಳಿಗೆಯ ನಳಿನಾಕ್ಷಿ ತಮ್ಮ ಗಿಡಗಳ ತುದಿ ಚಿವುಟಿ, ಲೋಟದ ನೀರಿನಲ್ಲಿ ಬೇರು ಬರಿಸಿ, ಮೂವತ್ತೆರಡು ಮನೆಗಳಿಗೂ ಹಂಚಿದರು. ಹೂವಿನ ತೆನೆ ಕಂಡರೆ ಚಿವುಟಿ, ಉರಿಬಿಸಿಲಿಗೆ ಇಡಬೇಡಿ ಎಂದು ಮನೆಮನೆಗೆ ಹೋಗಿ ಹೇಳಿಬಂದರು. ಇದಕ್ಕೆ ಬದಲಾಗಿ ಅವರು ಕೇಳಿದ್ದು ಒಂದೇ: ಅಡುಗೆಮನೆಯ ಛಾವಣಿ ಸೋರುವುದನ್ನು ಈ ಮಳೆಗಾಲದೊಳಗೆ ನಿಲ್ಲಿಸಿ. ಅದು ಸೋರುತ್ತಿದ್ದದ್ದು ಸರಿಯಾಗಿ ಗ್ಯಾಸ್ ಒಲೆಯ ಮೇಲೆ. ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದರು. ಗಂಡ ಬೂಬ, ಠಾಣೆ ನಗರದ ಹೋಟೆಲ್ ಕೆಲಸಕ್ಕೆ ಬೆಳಗಿನ ಲೋಕಲ್ ರೈಲು ಹಿಡಿದು ಹೊರಟುಬಿಡುತ್ತಿದ್ದುದರಿಂದ ಅರ್ಜಿಯೂ ನಳಿನಾಕ್ಷಿಯವರದೇ, ಒಲೆಯೂ ಅವರದೇ.

ಅವರ ಕಿಟಕಿ ಪಶ್ಚಿಮಕ್ಕೆ. ಮೇ ತಿಂಗಳ ಬಿಸಿಲಿಗೆ ಎಲೆಗಳು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದವು. ಗಿಡವು ಅನುಮತಿ ಪಡೆಯದೆ ಬಣ್ಣ ಬದಲಿಸಿದೆ ಎಂದು ಸೆಕ್ರೆಟರಿ ಶಿವಪ್ಪನವರು ನೋಟಿಸು ಕೊಟ್ಟರು.

“ಬಿಸಿಲಿಗೆ ಬಣ್ಣ ಹೋಗ್ತದೆ ಶಿವಪ್ಪಣ್ಣ. ಅದಕ್ಕೆ ನಾನೆಂಥ ಮಾಡ್ಲಿ?” ಎಂದು ನಳಿನಾಕ್ಷಿ ಆಫೀಸಿಗೆ ಬಂದು ಕೇಳಿದರು.

“ಬಿಸಿಲು ಮೆಂಬರ್ ಅಲ್ರೀ ಅಕ್ಕಾರ. ಮೆಂಬರ್ ನೀವು. ನೋಟಿಸು ನಿಮಗ ಬರತೈತಿ.”

“ಹಾಗಾದ್ರೆ ಗಿಡ ಒಳಗೆ ಇಡ್ತೇನೆ.”

“ಗ್ರಿಲ್ ಮ್ಯಾಲ ಇರಬೇಕಂತ ಠರಾವು ಐತ್ರಿ.”

“ಮತ್ತೆ ನಮ್ಮನೆ ಸೋರುವುದು?”

“ನೋಟಿಸು ಬಾಕಿ ಇದ್ದ ಮೆಂಬರ್ ತಕರಾರು ಕೇಳಂಗಿಲ್ಲ.”

ಈ ಕೊನೆಯ ನಿಯಮ ಅಂದೇ, ಅಲ್ಲೇ ಹುಟ್ಟಿದ್ದು. ಹುಟ್ಟಿದ ಹೊತ್ತನ್ನೂ ನಾನು ನಮೂದಿಸಿಕೊಂಡೆ.

ಜೂನ್ ಬಂತು, ಮಳೆ ಬಂತು, ಒಲೆಯ ಮೇಲೆ ನೀರು ಬಂತು. ಸ್ಪರ್ಧೆ ಮಾತ್ರ ಬರಲಿಲ್ಲ, ಅದು ರದ್ದಾಯಿತಂತೆ. ಠರಾವು ರದ್ದಾಗಲಿಲ್ಲ. ನಳಿನಾಕ್ಷಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಒಂದು ಮಗ್ ಇಟ್ಟು, ಚಿವುಟಿದ ತುದಿಗಳನ್ನು ಅದರೊಳಗೆ ಹಾಕಿದ್ದರು. ಎಸೆಯಲು ಮನಸ್ಸು ಬರಲಿಲ್ಲ, ಅಷ್ಟೇ. ಜುಲೈನಲ್ಲಿ ಕಮಿಟಿ ಶೇಡ್ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ಮಗ್ಗಿನ ತುಂಬ ಬೇರು, ಮೇಲೆ ಗಾಢ ಮರೂನ್ ಎಲೆ, ಅಂಚಿಗೆ ಹಸಿರು. ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಶಿವಪ್ಪನವರು ಎಲೆಗೆ ಕಾರ್ಡ್ ಹಿಡಿದರು. “ನಲವತ್ತೇಳು! ಬರಕೋರಿ.”

“ಹಾಗಾದ್ರೆ ನೋಟಿಸು ಹೋಯ್ತಲ್ಲ? ಇನ್ನಾದ್ರೂ ಈ ಸೋರುವುದನ್ನು ರಿಪೇರಿ ಮಾಡಿಸಿ ಮಾರಾಯ್ರೆ.”

ಮೂರು ವರ್ಷದಲ್ಲಿ ಮೊದಲ ಸಲ ಶಿವಪ್ಪನವರು ಛಾವಣಿಯತ್ತ ಕತ್ತೆತ್ತಿದರು. “ರಿಪೇರಿ ಮಾಡಿದ್ರ ಈ ಬಣ್ಣ ಎಲ್ಲಿಂದ ಬರಬೇಕ್ರಿ?”

“ಬಣ್ಣ ಬಂದದ್ದು ನೆರಳಿಗೆ. ಸೋರಿದ್ದಕ್ಕಲ್ಲ.”

ನಳಿನಾಕ್ಷಿ ಈ ಮಾತನ್ನು ಎರಡು ಸಲ ಹೇಳಿದರು. ನನಗೆ ನಾಚಿಕೆಯಾಯಿತು. ನಡಾವಳಿ ಪುಸ್ತಕದಲ್ಲಿ ನಾಚಿಕೆಗೆ ಜಾಗವಿಲ್ಲದ ಕಾರಣ, ‘ಸದಸ್ಯೆ ಪೂರ್ಣವಾಗಿ ಸಹಕರಿಸಿದರು’ ಎಂದು ಬರೆದೆ.

ಅಂದಿನ ಠರಾವಿನಂತೆ ಸದರಿ ಸೋರಿಕೆಯನ್ನು ಇನ್ನು ಮುಂದೆ ಸೋರಿಕೆ ಎನ್ನತಕ್ಕದ್ದಲ್ಲ. ಅದು ಸಂಸ್ಥೆಯ ನೀರಾವರಿ ಸೌಲಭ್ಯ. ಸೌಲಭ್ಯದ ಕೆಳಗೆ ಸದಸ್ಯರು ಛತ್ರಿ ಹಿಡಿದು ಅಡುಗೆ ಮಾಡಿ ಅಡ್ಡಿಪಡಿಸಕೂಡದು. ಗಿಡವನ್ನು ಗ್ರಿಲ್ಲಿನಿಂದ ಒಲೆಯ ಪಕ್ಕಕ್ಕೆ ವರ್ಗಾಯಿಸಲಾಯಿತು. ಈ ವರ್ಗಾವಣೆಯನ್ನು ಮೇ ತಿಂಗಳಲ್ಲೇ ನಳಿನಾಕ್ಷಿ ಕೇಳಿದ್ದರೆಂದು ಯಾರೂ ನೆನಪಿಸಲಿಲ್ಲ. ತಿಂಗಳೊಳಗೆ ಐದು ಮನೆಯವರು ತಮಗೂ ಸೌಲಭ್ಯ ಬೇಕೆಂದು ಅರ್ಜಿ ಹಾಕಿದರು. ಅವರಲ್ಲೊಬ್ಬನಾದ ನಾನಿರುವುದು ಒಂದನೆಯ ಮಾಳಿಗೆ. ಮೇಲಿನ ಮನೆಯವರ ಒಪ್ಪಿಗೆ ಪತ್ರ ತರಲು ಹೇಳಿದ್ದಾರೆ.

ಅಕ್ಟೋಬರಿನಲ್ಲಿ ಮಳೆ ನಿಂತಿತು. ಸೌಲಭ್ಯ ನಿಲ್ಲುವಂತಿಲ್ಲವಲ್ಲ! ದಿನಾ ಬೆಳಿಗ್ಗೆ ಏಳಕ್ಕೆ ವಾಚ್‌ಮನ್ ಟೆರೇಸಿಗೆ ಹತ್ತಿ ನಳಿನಾಕ್ಷಿಯವರ ಅಡುಗೆಮನೆಯ ಮೇಲೆ ಎರಡು ಬಕೆಟ್ ನೀರು ಸುರಿಯಬೇಕೆಂದು ಆಜ್ಞೆಯಾಯಿತು. ಆತ ಇಂದಿಗೂ ಸುರಿಯುತ್ತಿದ್ದಾನೆ. ಎಲೆ ಇಂದಿಗೂ ನಲವತ್ತೇಳು.

ಮೊನ್ನೆ ಮುಂಬ್ರಾದ ಬಳಿ ಲೋಕಲ್ ನಿಂತು ವಾಚ್‌ಮನ್ ಬರುವುದು ತಡವಾಯಿತು. ಎಂಟೂವರೆಗೆ ನಮ್ಮ ಮನೆಯ ಇಂಟರ್‌ಕಾಮ್ ಹೊಡೆದುಕೊಂಡಿತು. ನಳಿನಾಕ್ಷಿಗೆ ವಿಪರೀತ ಸಿಟ್ಟು ಬಂದಿತ್ತು.

“ಇದೆಂಥದು ಮಾರಾಯ್ರೆ? ಇಷ್ಟು ಹೊತ್ತಾದ್ರೂ ಸೋರ್ಲಿಕ್ಕೆ ಶುರುವಾಗ್ಲಿಲ್ಲ! ಸೋರ್ತದಲ್ಲ ಅಂತ ನಾನು ಸಾರಿಗೆ ಒಂದು ಲೋಟ ನೀರು ಕಡಿಮೆ ಹಾಕಿ ಕೂತಿದ್ದೇನೆ.”

ದೂರು ನ್ಯಾಯವಾದದ್ದು. ವಾಚ್‌ಮನ್‌ಗೆ ನೋಟಿಸು ಕೊಟ್ಟಿದ್ದೇವೆ.